ಏಕಾದಶಿಗೆ ಹತ್ತು ದಿನ ಮೊದಲು

ಗೋಡೆಗೆ ತಿಥಿ-ನಕ್ಷತ್ರದ ಕ್ಯಾಲೆಂಡರು ತೂಗುಹಾಕಿಕೊಂಡ ಮನೋರೋಗದ ಕ್ಲಿನಿಕ್ಕು ಬಹುಶಃ ನಮ್ಮದೊಂದೇ ಇದ್ದಿರಬೇಕು. ಅದರಲ್ಲಿ ದೊಡ್ಡ ಏಕಾದಶಿಗಳಿಗೆಲ್ಲ ಕೆಂಪು ಶಾಯಿಯ ಸುತ್ತು, ಅದಕ್ಕೆ ಹತ್ತು ದಿನ ಹಿಂದಿನ ತಾರೀಖಿಗೆ ನೀಲಿ ಸುತ್ತು. ಹೊಸಬರು ಯಾರಾದರೂ ಒಳಗೆ ಬಂದರೆ ಈ ಸಿಸ್ಟರ್ ಬಾಯಿ ಭಾರೀ ಉಪವಾಸದವಳು ಎಂದುಕೊಂಡು ಕೈ ಮುಗಿಯುತ್ತಿದ್ದರು. ನಾನು ಜನ್ಮದಲ್ಲಿ ಒಂದು ಏಕಾದಶಿಯನ್ನೂ ನೆಟ್ಟಗೆ ಹಿಡಿದವಳಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹೊಟ್ಟೆ ಚುರುಗುಟ್ಟಿತೆಂದರೆ ನನ್ನ ಸಿಟ್ಟು ನೆತ್ತಿಗೇರುತ್ತದೆ. ಆ ಕೆಂಪು, ನೀಲಿ ಸುತ್ತುಗಳು ಬಂದದ್ದು ಭಕ್ತಿಯಿಂದಲ್ಲ, ನಾನು ಮಾಡಿದ ಒಂದು ತಪ್ಪಿನಿಂದ.

ಈಗ ನನ್ನ ಕೆಲಸ ಕಲಬುರಗಿಯಲ್ಲಿ, ಒಂದೇ ಕೋಣೆಯಲ್ಲಿ, ಫ್ಯಾನಿನ ಕೆಳಗೆ. ಬೆಳಿಗ್ಗೆ ಎಂಟಕ್ಕೆ ಮನೆಯ ಮುಂದೆ ಜೀಪಿನ ಹಾರನ್ನು ಕೇಳಿಸುವುದಿಲ್ಲ. ಆಗ ಆ ಹಾರನ್ನಿಗೆ ದಿನಾಲೂ ಬೈಯುತ್ತಿದ್ದೆ. ಈಗ ಕೆಲವು ಮುಂಜಾನೆ ಚಹಾ ಕುಡಿಯುತ್ತಾ ಅದಕ್ಕೇ ಕಿವಿಗೊಟ್ಟು ಕೂತಿರುತ್ತೇನೆ.

ನಾವು ಇದ್ದದ್ದು ಮೂವರು. ಮನೋರೋಗದ ಡಾಕ್ಟರು, ನರ್ಸ್ ಆಗಿ ನಾನು, ಮತ್ತು ಚಾಲಕ. ಮಂಗಳವಾರ ಆಳಂದ, ಬುಧವಾರ ಅಫಜಲಪುರ, ಗುರುವಾರ ಜೇವರ್ಗಿ. ಮೂರು ತಾಲ್ಲೂಕಿಗೆ ಸೇರಿ ಒಂದೇ ಜೀಪು, ಒಂದೇ ಔಷಧದ ಟ್ರಂಕು. ಡಾಕ್ಟರು ಮೈಸೂರು ಕಡೆಯ ಹುಡುಗ, ಹೊಸದಾಗಿ ಓದು ಮುಗಿಸಿ ಬಂದಿದ್ದರು. ಮೊದಲ ವಾರ ಒಬ್ಬ ಮುದುಕಿ "ಎದಿ ಝಲ್ ಅಂತದ್ರಿ, ಜೀವಾ ಕಸಿವಿಸಿ ಆಗಾಕತ್ತದ" ಎಂದಾಗ ಅವರು ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದ್ದರು. ಚಾಲಕ ನೆಲೋಗಿಯವನು, ಮಾತಿನ ಮಲ್ಲ. ಯಾರಿಗೆ ಏನು ತೊಂದರೆಯಾದರೂ ಫೋನು ಮಾಡಲಿ ಎಂದು ತನ್ನ ನಂಬರನ್ನು ಅವನು ಮೂರೂ ತಾಲ್ಲೂಕಿಗೆ ಹಂಚಿಬಿಟ್ಟಿದ್ದ. ಅವನ ಫೋನು ಬಡಿದುಕೊಂಡರೆ ಅದು ಅವನ ಹೆಂಡತಿಯದ್ದಾಗಿರುವ ಸಂಭವ ಬಹಳ ಕಡಿಮೆ.

ಆಳಂದದಲ್ಲಿ ನಮಗೆ ಸಿಕ್ಕಿದ್ದು ಕಣ್ಣಿನ ವಿಭಾಗದ ಕೋಣೆ. ಹೊರಗೆ ಬೋರ್ಡೂ ಅದರದ್ದೇ, ಒಳಗೆ ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳು. ಡಾಕ್ಟರು ನಮ್ಮದೇ ಬೋರ್ಡು ಬರೆಸಬೇಕೆಂದು ಹಟ ಹಿಡಿದಾಗ ನಾನು ತಡೆದೆ. ಹುಚ್ಚಿನ ಡಾಕ್ಟರ ಹತ್ತಿರ ಹೋಗುವುದಕ್ಕೆ ನಮ್ಮ ಜನ ನಾಚುತ್ತಾರೆ, ಕಣ್ಣು ತೋರಿಸುವುದಕ್ಕೆ ಯಾರೂ ನಾಚುವುದಿಲ್ಲ. ಆ ಬೋರ್ಡಿನ ಕೆಳಗೆ ಎಷ್ಟೋ ಹೆಂಗಸರು ಸೆರಗು ಮುಂದೆಳೆದುಕೊಂಡು ಧೈರ್ಯವಾಗಿ ಒಳಗೆ ಬಂದರು, ಒಳಗೆ ಬಂದಮೇಲೆ ಅತ್ತರು. ಮಧ್ಯಾಹ್ನ ದಾರಿಯ ಪಕ್ಕದ ಬೇವಿನ ಗಿಡದ ಕೆಳಗೆ ಜೀಪು ನಿಲ್ಲಿಸಿ ಮೂವರೂ ಬುತ್ತಿ ಬಿಚ್ಚುತ್ತಿದ್ದೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಡಾಕ್ಟರು ಖಾರಕ್ಕೆ ಕಣ್ಣು ಮೂಗು ಒರೆಸಿಕೊಳ್ಳುತ್ತಲೇ ಎರಡನೇ ರೊಟ್ಟಿಗೆ ಕೈ ಚಾಚುತ್ತಿದ್ದರು. ಆ ಊಟದ ರುಚಿ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ.

ಗೋಡೆ ಕಟ್ಟುವ ಆ ಗೌಂಡಿ ಬಂದದ್ದು ಕಾರ್ತಿಕ ಮಾಸದ ಒಂದು ಮಂಗಳವಾರ. ಮಹಾರಾಷ್ಟ್ರದ ಗಡಿಯ ಸರಸಂಬಾದವನು, ನಲವತ್ತರ ಒಳಗಿನ ವಯಸ್ಸು, ಕಲ್ಲು ಇಟ್ಟಿಗೆ ಎತ್ತಿ ಎತ್ತಿ ಗಟ್ಟಿಯಾದ ತೋಳು. ಜೊತೆಗೆ ಹೆಂಡತಿ. ಆಕೆ ಭೂಸನೂರ ಕಡೆ ಕಬ್ಬು ಕಡಿಯಲು ಹೋಗುವವಳು, ಅವತ್ತು ಕೆಲಸ ಬಿಟ್ಟು ಬಂದಿದ್ದಳು.

"ಕಣ್ಣು ತೋರ್ಸಾಕ ಹೊಂಟೇವಿ ಅಂತ ಹೇಳಿ ಬಂದೇನ್ರಿ ಸಿಸ್ಟರ್. ಇವ್ರ ಕಣ್ಣು ನೆಟ್ಟಗವ. ಕೈ ನೋಡ್ರಿ" ಎಂದಳು.

ನನ್ನ ಹತ್ತಿರ ಒಂದು ಹಳೆಯ ರೂಢಿ ಇದೆ. ಎರಡೂ ಕೈ ಮುಂದೆ ಚಾಚಲು ಹೇಳಿ, ಬೆರಳು ಅಗಲಿಸಿ, ಅದರ ಮೇಲೆ ಒಂದು ಬಿಳಿ ಚೀಟಿ ಇಡುತ್ತೇನೆ. ಕೈ ನಡುಗುವುದು ಕಣ್ಣಿಗೆ ಕಾಣದಿದ್ದರೂ ಚೀಟಿ ಸದ್ದು ಮಾಡುತ್ತದೆ. ಗೌಂಡಿಯ ಕೈಮೇಲೆ ಇಟ್ಟ ಚೀಟಿ ಪಟಪಟ ಬಡಿದು ನೆಲಕ್ಕೇ ಬಿತ್ತು.

"ಒಂದ್ ಗುಟುಕು ಬಿದ್ರ ನಿಲ್ತಾವ್ರಿ" ಎಂದ ಅವನು, ನಾಚಿಕೊಂಡು. "ಮುಂಜಾನಿ ಕುಡೀದಿದ್ರ ಕರಣಿ ಹಿಡಿಯಾಕ ಆಗಂಗಿಲ್ಲ. ಓಳಂಬ ಬಿಟ್ರ ಗೋಡಿ ನೆಟ್ಟಗದನೋ ನಾ ನೆಟ್ಟಗಿದ್ದೇನೋ ತಿಳಿಯಂಗಿಲ್ರಿ."

ಓಳಂಬ ಎಂದರೆ ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗೌಂಡಿಗಳು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು. ಅವನು ಅದನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ಬಂದಿದ್ದ. ಹಿಂದಿನ ತಿಂಗಳು ಅಟ್ಟಣಿಗೆಯಿಂದ ಜಾರಿ ಬಿದ್ದು ಪಕ್ಕೆಲುಬಿಗೆ ಪೆಟ್ಟಾಗಿತ್ತು. ಇನ್ನು ಮೇಲೆ ಹತ್ತಬೇಡ ಎಂದು ಮೇಸ್ತ್ರಿ ಇಳಿಸಿಬಿಟ್ಟಿದ್ದ. ಇನ್ನೊಂದು ಸಲ ಬಿದ್ದರೆ ತಾನು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುವುದಾಗಿ ಹೆಂಡತಿ ಅವನೆದುರೇ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಬಿಡಬೇಕು ಎನ್ನುವ ಮನಸ್ಸು ಅವನಿಗೆ ನಿಜವಾಗಿಯೂ ಇತ್ತು, ಅದು ನನಗೆ ಗೊತ್ತಾಗುತ್ತದೆ.

ನಾಡಿ ಎಣಿಸಿದೆ, ಬಿ.ಪಿ. ನೋಡಿದೆ, ಬಿ-ಒನ್ ವಿಟಮಿನ್ನಿನ ಸೂಜಿ ಚುಚ್ಚಿದೆ. ಡಾಕ್ಟರು ಗುಳಿಗೆ ಬರೆದರು. ವರ್ಷಗಟ್ಟಲೆ ದಿನಾಲೂ ಕುಡಿದವನ ಮಿದುಳು ಸಾರಾಯಿಗೆ ಹೊಂದಿಕೊಂಡು ಕೂತಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಎರಡನೇ, ಮೂರನೇ ದಿನಕ್ಕೆ ಮೈಯೆಲ್ಲ ತಿರುಗಿ ಬೀಳುತ್ತದೆ. ನಡುಕ, ಬೆವರು, ಫಿಟ್ಸು, ಕೆಲವರಿಗೆ ಭ್ರಮೆ. ಜೀವವೂ ಹೋಗಬಹುದು. ಅದಕ್ಕೇ ಮೈಯನ್ನು ಶಾಂತ ಮಾಡುವ ಗುಳಿಗೆಯನ್ನು ಮೊದಲು ಜಾಸ್ತಿ ಕೊಟ್ಟು, ದಿನ ಕಳೆದಂತೆ ಇಳಿಸುತ್ತಾ ಹತ್ತನೇ ದಿನಕ್ಕೆ ನಿಲ್ಲಿಸುತ್ತೇವೆ. ಅವನಿಗೆ ಅಕ್ಷರ ಬಾರದು. ನಾನು ಚೀಟಿಯ ಮೇಲೆ ಸೂರ್ಯ, ಚಂದ್ರ ಬರೆದು, ಪಕ್ಕದಲ್ಲಿ ಗುಳಿಗೆಯ ಚುಕ್ಕೆ ಇಟ್ಟು ಕೊಟ್ಟೆ.

ಹೊರಡುವಾಗ ಬಾಗಿಲಲ್ಲಿ ನಿಂತು ಹೆಂಡತಿ ಕೇಳಿದಳು. "ನಾಳಿ ಏಕಾದಶಿ ಅದ್ರಿ. ಮಾಲಿ ಹಾಕಿಸ್ಬೇಕು ಅಂತ ಮಾಡೇವಿ. ಹಾಕಿಸ್ಲೇನ್ರಿ?"

"ಹಾಕ್ಸವಾ, ಭಾಳ ಛಲೋ ಆತು" ಎಂದೆ.

ಮಾಲಿ ಎಂದರೆ ವಿಠಲನ ತುಳಸಿ ಮಾಲೆ. ಗಡಿಯ ಆ ಊರುಗಳಿಂದ ಪಂಢರಪುರಕ್ಕೆ ದಿಂಡಿ ಎಂಬ ಭಜನೆಯ ಗುಂಪು ಕಟ್ಟಿಕೊಂಡು ನಡೆದು ಹೋಗುವವರು ಬಹಳ. ಏಕಾದಶಿಯ ದಿನ ಹಿರಿಯರ ಕೈಯಿಂದ ಕೊರಳಿಗೆ ಮಾಲೆ ಹಾಕಿಸಿಕೊಂಡವನು ಮಾಂಸ ಮುಟ್ಟುವುದಿಲ್ಲ, ಸೆರೆ ಮುಟ್ಟುವುದಿಲ್ಲ. ಎಂಥೆಂಥ ಕುಡುಕರು ಆ ಮಾಲೆಯಿಂದ ಬಿಟ್ಟಿದ್ದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ನಮ್ಮ ಗುಳಿಗೆಯ ಜೊತೆ ಮಾಲೆಯೂ ಇದ್ದರೆ ಎರಡು ಹಗ್ಗ ಕಟ್ಟಿದ ಹಾಗಾಯಿತು ಎಂದುಕೊಂಡು ಖುಷಿಯಲ್ಲಿ ಮುಂದಿನ ರೋಗಿಯನ್ನು ಕರೆದೆ. ಮಾಲೆ ಹಾಕುವಾಗ ಏನು ಕೇಳುತ್ತಾರೆ, ಏನು ಮಾತು ತೆಗೆದುಕೊಳ್ಳುತ್ತಾರೆ ಎಂದು ಒಂದು ಮಾತು ವಿಚಾರಿಸಲಿಲ್ಲ. ಇದೇ ನೆಲದಲ್ಲಿ ಹುಟ್ಟಿದವಳು ನಾನು, ಮೈಸೂರಿನಿಂದ ಬಂದವಳಲ್ಲ.

ಗುರುವಾರ ಜೇವರ್ಗಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಚಾಲಕ ಫೋನು ಹಿಡಿದುಕೊಂಡು ಒಳಗೆ ಓಡಿ ಬಂದ. "ಸಿಸ್ಟರ್, ಆ ಗೌಂಡಿ ಹೆಂಡ್ತಿ. ಅಳಾಕತ್ಯಾಳ, ನನಗ ಏನೂ ತಿಳೀವಲ್ದು."

ಗೌಂಡಿ ಅಂಗಳದಲ್ಲಿ ಬಿದ್ದು ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದಿತ್ತು. ನೆರೆಯವರು ಕೈಗೆ ಕಬ್ಬಿಣದ ಕೀಲಿ ಕೊಟ್ಟಿದ್ದರು, ಮೂಗಿಗೆ ಉಳ್ಳಾಗಡ್ಡಿ ಹಿಡಿದಿದ್ದರು. ಯಾರದೋ ಟಂಟಂ ಆಟೋದಲ್ಲಿ ಹಾಕಿಕೊಂಡು ಆಳಂದದ ದವಾಖಾನೆಗೆ ಒಯ್ಯುತ್ತಿದ್ದರು.

"ಮಾತ್ರೆ ತಗೊಳ್ತಿದ್ದಾರಾ ಕೇಳಿ" ಎಂದರು ಡಾಕ್ಟರು.

ಕೇಳಿದೆ. ಆಕೆ ಬಿಕ್ಕುತ್ತಾ ಹೇಳಿದ್ದು ಈಗಲೂ ನೆನಪಿದೆ. "ಇಲ್ರಿ. ಮಾಲಿ ಹಾಕೂಮುಂದ ಮನ್ಯಾಗ ನಶೆದ್ದು ಏನರ ಉಳಿದದೇನು ಅಂತ ಕೇಳಿದ್ರು. ಇವ್ರು ಮನಿಗಿ ಬಂದು ನಿಮ್ಮ ಗುಳಿಗಿ ತಿಪ್ಪಿಗಿ ಒಗೆದ್ರು. ಅದನ್ನ ತಿಂದ್ರ ನಿದ್ದಿ ಬರ್ತದಲ್ರಿ, ಅದೂ ನಶೆನೇ ಅಂದ್ರು. ವಿಠಲನ ಮುಂದ ಸುಳ್ಳು ಹೇಳಂಗಿಲ್ಲ ಅಂದ್ರು."

ಅಂದರೆ ಮಂಗಳವಾರದಿಂದ ಸಾರಾಯಿ ಇಲ್ಲ, ಬುಧವಾರ ಮಧ್ಯಾಹ್ನದಿಂದ ಗುಳಿಗೆಯೂ ಇಲ್ಲ. ಕಳ್ಳನಾಗಿದ್ದರೆ ನೆಟ್ಟಗೆ ಇರುತ್ತಿದ್ದ, ಪ್ರಾಮಾಣಿಕನಾದದ್ದಕ್ಕೆ ಬಿದ್ದ. ಡಾಕ್ಟರು ಆಳಂದದ ದವಾಖಾನೆಗೆ ಫೋನು ಹಚ್ಚಿ, ಗ್ಲೂಕೋಸ್ ಬಾಟಲಿ ಏರಿಸುವುದಕ್ಕಿಂತ ಮೊದಲು ಬಿ-ಒನ್ ಕೊಡಬೇಕು, ಇಲ್ಲದಿದ್ದರೆ ಮಿದುಳಿಗೆ ಅಪಾಯ, ಆಮೇಲೆ ಇಂಥ ಸೂಜಿ, ಇಷ್ಟು ಎಂದು ಎರಡೆರಡು ಸಲ ಹೇಳಿದರು. ನಾವು ಜೇವರ್ಗಿಯ ಸಾಲು ಮುಗಿಸಿ, ಕಲಬುರಗಿಯಲ್ಲಿ ನಿಲ್ಲದೆ ಆಳಂದ ಮುಟ್ಟಿದೆವು.

ಕಲಬುರಗಿಗೆ ಕಳಿಸುವುದು ಸರಿಯಾದ ದಾರಿ. ಆದರೆ ಆಂಬುಲೆನ್ಸು ಹೆರಿಗೆಯ ಹೆಣ್ಣುಮಗಳನ್ನು ಕರೆದುಕೊಂಡು ಹೋಗಿತ್ತು, ಇವನು ಜೀಪಿನಲ್ಲಿ ಕೂರುವ ಸ್ಥಿತಿಯಲ್ಲಿರಲಿಲ್ಲ. ಡಾಕ್ಟರು ಅಲ್ಲೇ ಉಳಿಯುವುದೆಂದರು, ನಾನೂ ಉಳಿದೆ.

ಶುಕ್ರವಾರ ಮುಂಜಾನೆ ಫಿಟ್ಸು ನಿಂತಿತ್ತು, ಭ್ರಮೆ ಏರಿತ್ತು. ಗೌಂಡಿ ಮಂಚದ ಮೇಲೆ ಕೂತು ಗೋಡೆ ಕಟ್ಟುತ್ತಿದ್ದ. ಇಲ್ಲದ ಕರಣಿಯಿಂದ ಹಾಸಿಗೆಯ ಮೇಲೆ ಇಲ್ಲದ ಸಿಮೆಂಟು ಸವರುವುದು, ಇಲ್ಲದ ಇಟ್ಟಿಗೆ ಇಡುವುದು, ಒಂದು ಕಣ್ಣು ಮುಚ್ಚಿ ಓಳಂಬ ನೋಡುವುದು. "ಲೇ, ಮಾಲು ತಾ ಲೇ, ಒಣಗಾಕತ್ತದ" ಎಂದು ಯಾರನ್ನೋ ಕೂಗುತ್ತಿದ್ದ. ನಡುನಡುವೆ ಚಾದರದ ಮೇಲಿನ ಇರುವೆಗಳನ್ನು ಆರಿಸಿ ಒಗೆಯುತ್ತಿದ್ದ. ಇರುವೆ ಒಂದೂ ಇರಲಿಲ್ಲ. ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡು ಮೂಲೆಯಲ್ಲಿ ಕೂತಿದ್ದಳು.

ಆ ಹೊತ್ತಿಗೆ ಊರಿನಿಂದ ನಾಲ್ಕು ಜನ ಬಂದರು. ಮುಂದೆ ಇದ್ದವರು ಎಪ್ಪತ್ತು ದಾಟಿದ ಹಿರಿಯರು, ಬಿಳಿ ಧೋತರ, ಹಣೆಗೆ ವಿಠಲನ ಭಕ್ತರು ಹಚ್ಚುವ ಕಪ್ಪು ಬುಕ್ಕಿಟ್ಟು. ದಿಂಡಿಯಲ್ಲಿ ವೀಣೆ ಹಿಡಿದು ಮುಂದೆ ನಡೆಯುವವರು ಅವರೇ, ಊರಿಗೆಲ್ಲ ಅವರು ವೀಣಿ ಮುತ್ಯಾ. ಗೌಂಡಿಗೆ ಮಾಲೆ ಹಾಕಿದ ಕೈ ಅವರದ್ದು.

"ಮಾಲಿ ತಗೀಬೇಕವಾ ತಂಗಿ" ಎಂದರು ನನಗೆ. "ಮಾಲಿ ಹಾಕ್ಕೊಂಡು ಕುಡಿದಂವನ ಕೊರಳಾಗ ಅದು ಇರಬಾರ್ದು."

"ಕುಡಿದಿಲ್ಲ ಮುತ್ಯಾ."

"ಕುಡೀದ ಮನಶ್ಯಾ ಹಿಂಗ ಮಾಡ್ತಾನೇನು? ನೀನೇ ನೋಡು."

ಜೊತೆಗೆ ಬಂದವರಲ್ಲಿ ಒಬ್ಬ, ವಿಠಲ ಒಪ್ಪಿಕೊಳ್ಳಲಿಲ್ಲ, ಅದಕ್ಕೇ ಕೆಡವಿದ ಎಂದ. ಅದು ಗೌಂಡಿಯ ಹೆಂಡತಿಗೆ ಕೇಳಿಸಿತು. ಮುತ್ಯಾನ ಕೈ ಗೌಂಡಿಯ ಕೊರಳಿನ ಕಡೆ ಹೋಯಿತು. ನನಗೆ ಒಂದು ಮಾತು ಸ್ಪಷ್ಟವಾಗಿತ್ತು. ಮೈ ಸುಧಾರಿಸಿ ಎಚ್ಚರವಾದಾಗ ಇವನು ಮೊದಲು ಕೊರಳು ಮುಟ್ಟಿ ನೋಡಿಕೊಳ್ಳುತ್ತಾನೆ. ಅಲ್ಲಿ ಮಾಲೆ ಇಲ್ಲದಿದ್ದರೆ ದೇವರೂ ಕೈಬಿಟ್ಟ ಎಂದುಕೊಂಡು ನೇರ ಸಾರಾಯಿ ಭಟ್ಟಿಗೆ ಹೋಗುತ್ತಾನೆ. ಮತ್ತೆ ನಮ್ಮ ಕಣ್ಣಿನ ಕೋಣೆಗೆ ಬರುವುದಿಲ್ಲ.

ನಾನು ನಡುವೆ ನಿಂತೆ. ನನ್ನ ಧ್ವನಿ ಏರಿತ್ತು, ಒಪ್ಪಿಕೊಳ್ಳುತ್ತೇನೆ. "ಗುಡ್ಯಾಗ ನಿಮ್ಮ ಮಾತು ನಡೀತದ ಮುತ್ಯಾ, ಇಲ್ಲಿ ನಮ್ಮದು. ಮಾಲಿ ಮುಟ್ಟಬ್ಯಾಡ್ರಿ. ಇದು ಕುಡಿದದ್ದಕ್ಕ ಬಂದದ್ದಲ್ಲ, ಬಿಟ್ಟದ್ದಕ್ಕ ಬಂದದ್ದು."

"ಬಿಟ್ಟದ್ದಕ್ಕ?"

ಹೇಳಿದೆ. ಮಂಗಳವಾರ ಡಾಕ್ಟರು ಹೇಳಿದ್ದನ್ನೆಲ್ಲ ಮುತ್ಯಾನಿಗೆ ನಮ್ಮ ಮಾತಿನಲ್ಲಿ ಹೇಳಿದೆ. ಗುಳಿಗೆ ತಿಪ್ಪೆಗೆ ಹೋದದ್ದನ್ನೂ ಹೇಳಿದೆ. ಮಾಲೆ ಹಾಕಿಸು ಎಂದವಳು ನಾನೇ, ಹತ್ತು ದಿನ ತಡೆ ಎನ್ನಬೇಕಾಗಿತ್ತು, ಅನ್ನಲಿಲ್ಲ ಎಂದೂ ಹೇಳಿದೆ. ಮುತ್ಯಾ ಗೌಂಡಿಯನ್ನೇ ನೋಡುತ್ತಿದ್ದರು. ಗೌಂಡಿ ಒಂದು ಕಣ್ಣು ಮುಚ್ಚಿ ಓಳಂಬ ಇಳಿಬಿಟ್ಟ.

"ಎಷ್ಟನೇ ದಿನಕ್ಕ ಬರ್ತದ ಇದು?"

"ಎರಡು, ಮೂರನೇ ದಿನಕ್ಕ."

"ಇರುವಿ ಕಾಣ್ತಾವ?"

"ಕಾಣ್ತಾವ."

"ಇಲ್ಲದ ಕೆಲಸಾ ಮಾಡ್ತಾರ?"

"ದಿನಾ ಏನು ಮಾಡ್ತಿದ್ರೋ ಅದನ್ನೇ ಮಾಡ್ತಾರ ಮುತ್ಯಾ."

ಅವರು ಜೊತೆಗೆ ಬಂದವರನ್ನು ಹೊರಗೆ ಕಳಿಸಿದರು. ಆಮೇಲೆ ಕಬ್ಬಿಣದ ಸ್ಟೂಲಿನ ಮೇಲೆ ನಿಧಾನ ಕೂತರು. ನಲವತ್ತು ವರ್ಷದ ಹಿಂದೆ ಅವರೂ ಅವರ ಗೆಳೆಯನೂ ಒಂದೇ ಏಕಾದಶಿಗೆ ಮಾಲೆ ಹಾಕಿಸಿಕೊಂಡಿದ್ದರಂತೆ. ಮುತ್ಯಾ ಕುಡಿಯುವವರಲ್ಲ. ಗೆಳೆಯ ದಿನಾ ಕುಡಿಯುತ್ತಿದ್ದವನು, ಅಂದೇ ಬಿಟ್ಟ. ಮೂರನೇ ದಿನ ಮನೆಯೊಳಗೆ ಕೂತಲ್ಲೇ ಎತ್ತು ಹೊಡೆಯತೊಡಗಿದ.

"ಇಲ್ಲದ ಎತ್ತಿಗಿ ಹೆಸರು ಹಿಡಿದು ಕರೀತಿದ್ದ. ಗೋಡಿ ಮ್ಯಾಲಿಂದ ಇರುವಿ ಆರಿಸ್ತಿದ್ದ. ನಾಲ್ಕನೇ ದಿನ ಹೋಗಿಬಿಟ್ಟ. ಮಾಲಿ ಹಾಕ್ಕೊಂಡು ಕದ್ದು ಕುಡಿದಾನ ಅಂತ ಊರೆಲ್ಲಾ ಅಂದ್ರು, ನಾನೂ ಅಂದೆ. ಸುಡೂಕಿಂತ ಮೊದಲ ಅವನ ಕೊರಳಾಗಿನ ಮಾಲಿ ತಗದಂವ ನಾನವಾ."

ಅವರು ಕೈ ನೋಡಿಕೊಂಡರು.

"ಹಂಗಾದ್ರ ಅಂವ ಮಾಲಿ ಮುರಿದಿದ್ದಿಲ್ಲ?"

"ಮುರಿದಿದ್ರ ಬದುಕ್ತಿದ್ರು ಮುತ್ಯಾ" ಎಂದೆ. ಬಾಯಿಂದ ಬಂದ ಮೇಲೆ ಅದು ಎಷ್ಟು ಕಠಿಣ ಮಾತು ಎಂದು ಗೊತ್ತಾಯಿತು. ಅವರು ಧೋತರದ ಅಂಚಿನಿಂದ ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು. ಡಾಕ್ಟರು ಬಾಗಿಲಲ್ಲಿ ನಿಂತಿದ್ದರು, ಅವರಿಗೆ ಭಾಷೆ ಎಷ್ಟು ತಿಳಿಯಿತೋ, ಸುಮ್ಮನೆ ಒಂದು ಲೋಟ ನೀರು ತಂದು ಮುತ್ಯಾನ ಕೈಗೆ ಕೊಟ್ಟರು.

ಶನಿವಾರ ಸಂಜೆಗೆ ಗೌಂಡಿಯ ಗೋಡೆ ನಿಂತಿತು, ಇರುವೆ ಹೋದವು. ಅವನು ಮೊದಲು ಮಾಡಿದ್ದು ನಾನು ಅಂದುಕೊಂಡದ್ದನ್ನೇ, ಕೊರಳು ಮುಟ್ಟಿ ನೋಡಿಕೊಂಡ. ಮಾಲೆ ಇತ್ತು. ಆಮೇಲೆ ನಾನು ಗುಳಿಗೆ ಮುಂದೆ ಹಿಡಿದರೆ ಬಾಯಿ ಬಿಗಿದುಕೊಂಡ. ಪ್ರಜ್ಞೆಯಿಲ್ಲದಾಗ ಸೂಜಿ ಚುಚ್ಚಿದ್ದು ಬೇರೆ, ತಿಳಿದು ತಿಳಿದು ನಶೆಯ ಗುಳಿಗೆ ನುಂಗುವುದಿಲ್ಲ ಎಂದ. ಹೆಂಡತಿ ಕೈಮುಗಿದಳು, ಡಾಕ್ಟರು ಅರ್ಧಗಂಟೆ ತಿಳಿಸಿ ಹೇಳಿದರು. ಅವನು ಹಟ ಬಿಡಲಿಲ್ಲ. ಮನೆಗೆ ಕಳಿಸಿದರೆ ಹೆಂಡತಿ ಬೆಳಗಿನ ಐದಕ್ಕೇ ಕಬ್ಬಿನ ಲಾರಿ ಹತ್ತಬೇಕು, ಕೊಡುವವರು ಯಾರು? ನಾವು ಬರುವುದು ವಾರಕ್ಕೊಮ್ಮೆ.

ಆಗ ನನಗೆ ಹೊಳೆದದ್ದನ್ನು ಡಾಕ್ಟರಿಗೆ ಹೇಳಿದೆ. ಉಳಿದ ಗುಳಿಗೆಗಳನ್ನು ಹೆಂಡತಿಯ ಕೈಗೆ ಬೇಡ, ನಿನ್ನೆಯಿಂದ ದವಾಖಾನೆಯಲ್ಲೇ ಕೂತಿರುವ ಮುತ್ಯಾನ ಕೈಗೆ ಕೊಡೋಣ. ಗುಡಿಯಲ್ಲಿ ದಿನಾ ಮುಂಜಾನೆ ಸಂಜೆ ಆರತಿ ಆಗುತ್ತದೆ, ಗೌಂಡಿ ಹೇಗೂ ಬರುತ್ತಾನೆ. ಮುತ್ಯಾನೇ ಎದುರಿಗೆ ನಿಂತು ನುಂಗಿಸಲಿ.

"ಸಿಸ್ಟರ್, ಇದು ಕೈಗೆ ಸಿಕ್ಕವರಿಗೆ ಕೊಡೋ ಮಾತ್ರೆ ಅಲ್ಲ" ಎಂದರು ಡಾಕ್ಟರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ಗುಳಿಗೆಯೇ ಚಟವಾದವರು ಇದ್ದಾರೆ. ನಿಯಮದ ಪ್ರಕಾರ ಮನೆಯವರ ಕೈಗೆ, ಅದೂ ಸಹಿ ಮಾಡಿಸಿಕೊಂಡು ಕೊಡಬೇಕು. "ಮನೆಯವರು ಕೊಟ್ರ ನುಂಗಂಗಿಲ್ಲ ಸರ್, ತಿಪ್ಪೆಗೆ ಹೋಗುತ್ತೆ" ಎಂದು ನಾನು ಎರಡು ಕನ್ನಡ ಬೆರೆಸಿ ಜಗಳಕ್ಕೇ ನಿಂತೆ. ಅವರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಎರಡೆರಡು ದಿನಕ್ಕೆ ಆಗುವಷ್ಟು ಮಾತ್ರ ಪೊಟ್ಟಣ ಕಟ್ಟಿಸಿ, ಗೌಂಡಿಯ ಹೆಂಡತಿಯ ಹೆಬ್ಬೆಟ್ಟು ಒತ್ತಿಸಿ, ಅದರ ಕೆಳಗೆ ಮುತ್ಯಾನ ಸಹಿ ತೆಗೆದುಕೊಂಡರು. ಮುಗಿದಂತೆ ಊರಿನ ಆಶಾ ಕಾರ್ಯಕರ್ತೆ ದವಾಖಾನೆಯಿಂದ ಮುಂದಿನ ಪೊಟ್ಟಣ ಒಯ್ಯುವುದು ಎಂದಾಯಿತು.

ಮುತ್ಯಾನಿಗೆ ಸೂರ್ಯ ಚಂದ್ರರ ಚೀಟಿ ಕೊಟ್ಟು ವಿವರಿಸಿದೆ. ಅವರು ಮಡಚಿ ಧೋತರದ ಸೊಂಟಕ್ಕೆ ಸಿಕ್ಕಿಸಿಕೊಂಡು, ಪ್ರಸಾದ ಎಂದು ಕೊಟ್ಟರೆ ಸುಲಭವಾಗಿ ನುಂಗುತ್ತಾನೆ ಎಂದರು. ನಾನು ಒಪ್ಪಲಿಲ್ಲ.

"ಪ್ರಸಾದ ಅಂದ್ರ ಹತ್ತನೇ ದಿನಕ್ಕ ನಿಲ್ಸಾಕ ಬರಂಗಿಲ್ಲ ಮುತ್ಯಾ, ಮತ್ತ ಮತ್ತ ಕೇಳ್ತಾನ. ಔಷಧ ಅಂತೇ ಹೇಳ್ರಿ."

"ಭಾಳ ಶಾಣ್ಯಾಕಿ ಇದ್ದೀ ಬಿಡು" ಎಂದು ಮೊದಲ ಸಲ ನಕ್ಕರು. ಆಮೇಲೆ ಮಂಚದ ಹತ್ತಿರ ಹೋಗಿ ಗೌಂಡಿಯ ತಲೆ ಮೇಲೆ ಕೈ ಇಟ್ಟರು. "ನೋಡಪಾ, ನಶೆದ್ದು ಉಳಿದದೇನು ಅಂತ ಕೇಳಿದಂವ ನಾನು. ಇದು ನಶೆ ಅಲ್ಲ, ಔಷಧ ಅಂತ ಹೇಳಾಂವನೂ ನಾನೇ. ಬಾಯಿ ತಗಿ." ಗೌಂಡಿ ಬಾಯಿ ತೆರೆದ.

ಮುಂದಿನ ಮಂಗಳವಾರ ನಾವು ಹೋಗುವಷ್ಟರಲ್ಲಿ ಮುತ್ಯಾ ಅವನನ್ನು ಕರೆದುಕೊಂಡು ಬಂದು ಸಾಲಿನಲ್ಲಿ ಮೊದಲೇ ಕೂತಿದ್ದರು. ಚೀಟಿ ಇಟ್ಟೆ. ಸಣ್ಣಗೆ ಅದುರಿತು, ಬೀಳಲಿಲ್ಲ. ಮುತ್ಯಾ ಅದನ್ನು ಬಗ್ಗಿ ನೋಡಿದರು, ಯಾಕೆ ಹಾಗೆ ಇಡುವುದು ಎಂದು ಕೇಳಿ ತಿಳಿದುಕೊಂಡರು.

ನಾವು ಅಂದೇ ರೋಗಿಗಳ ಹಾಳೆಯಲ್ಲಿ ಒಂದು ಹೊಸ ಪ್ರಶ್ನೆ ಕೈಯಿಂದ ಬರೆದುಕೊಂಡೆವು. ಮಾಲೆ ಹಾಕಿಸುವ ವಿಚಾರ ಇದೆಯೇ? ಯಾವ ಏಕಾದಶಿಗೆ? ಡಾಕ್ಟರು ಪೇಟೆಗೆ ಹೋಗಿ ಕ್ಯಾಲೆಂಡರು ಕೊಂಡುತಂದರು. ಮೈಸೂರಿನ ಹುಡುಗ ದಿನಾ ಬೆಳಿಗ್ಗೆ ಜೀಪು ಹತ್ತುವಾಗ "ಸಿಸ್ಟರ್, ಇವತ್ತು ಯಾವ ತಿಥಿ?" ಎಂದು ಕೇಳುವುದು ಶುರುವಾಯಿತು. ಚಾಲಕ ಅದಕ್ಕೆ ಅವರನ್ನು ಭಟ್ಟರೇ ಎಂದು ಕಾಡಿಸುತ್ತಿದ್ದ. ಮುಂದಿನ ಆಷಾಢ ಏಕಾದಶಿಗೆ ಇನ್ನೂ ಹತ್ತು ದಿನವಿದ್ದಾಗ ಸರಸಂಬಾದಿಂದ ಮೂರು ಜನ ಗಂಡಸರು ಕಣ್ಣಿನ ಬೋರ್ಡಿನ ಕೆಳಗೆ ಬಂದು ನಿಂತರು. ಯಾರು ಕಳಿಸಿದರು ಎಂದರೆ ಮುತ್ಯಾ. ಅವರು ಮಾಲೆ ಕೇಳಲು ಬಂದವನ ಕೈ ಚಾಚಿಸಿ ಬೆರಳ ಮೇಲೆ ಒಂದು ತುಳಸಿ ಎಲೆ ಇಡುತ್ತಾರಂತೆ. ಎಲೆ ಅಲುಗಿದರೆ, "ಮೊದಲ ಸಿಸ್ಟರ್ ಹಂತೇಕ ಹೋಗಿ ಬಾ, ವಿಠಲ ಎಲ್ಲಿಗಿ ಓಡಿ ಹೋಗಂಗಿಲ್ಲ" ಎನ್ನುತ್ತಾರಂತೆ. ಅಫಜಲಪುರದ ಕಡೆಯ ದಿಂಡಿಯವರಿಗೂ ಅವರೇ ಹೇಳಿ ಕಳಿಸಿದರು. ನಾನು ಮಾತ್ರ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ಆದರೆ ಈಗ ಫ್ಯಾನಿನ ಕೆಳಗೆ ಕೂತು ಆ ದಿನಗಳನ್ನು ನೆನೆದಾಗ ಕಣ್ಣ ಮುಂದೆ ಬರುವುದು ಆಷಾಢವಲ್ಲ. ಗೌಂಡಿಯ ಗುಳಿಗೆ ಮುಗಿದ ಮರುದಿನ.

ಅಂದೂ ಮಂಗಳವಾರವೇ. ಕ್ಲಿನಿಕ್ಕು ಮುಗಿಸಿ ಗೌಂಡಿಯನ್ನು ನೋಡಲೆಂದು ಊರಿಗೇ ಹೋದೆವು. ಅವನು ಒಂದು ಮನೆಯ ಹಿತ್ತಲ ಗೋಡೆ ಏರಿಸುತ್ತಿದ್ದ, ನೆಲದ ಮೇಲೆ ನಿಂತೇ. ನನ್ನನ್ನು ನೋಡಿ ನಕ್ಕು, ನಾನು ಕೇಳುವ ಮೊದಲೇ ಎರಡೂ ಕೈ ಚಾಚಿದ. ಚೀಟಿ ಅಲುಗಲಿಲ್ಲ. ಮುತ್ಯಾ ಅಲ್ಲೇ ನಿಂತಿದ್ದರು, ಕಂಕುಳಲ್ಲಿ ಒಂದು ಸಣ್ಣ ಬಟ್ಟೆಯ ಗಂಟು.

"ತಂಗಿ, ನನ್ನ ಜೋಡಿ ಒಂದ್ ಮನಿಗಿ ಬರ್ತೀಯೇನು?" ಎಂದರು. "ನಾ ಒಬ್ಬಂವ ಹೇಳಿದ್ರ ಆಗಂಗಿಲ್ಲ. ಯಾಕ ಹಂಗಾತು ಅಂತ ನೀನೇ ಹೇಳಬೇಕು."

ಗೆಳೆಯನ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಅಂಗಳ ತುಂಬ ಜನ. ಸೊಸೆಯಂದಿರು ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು, ಮೊಮ್ಮಕ್ಕಳು ನಡುವೆ ಹಾಯ್ದು ಬೈಸಿಕೊಳ್ಳುತ್ತಿದ್ದರು, ಕಟ್ಟೆಯ ಹತ್ತಿರ ಐವತ್ತರ ಒಬ್ಬ ಗಂಡಸು ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತಿದ್ದ. ನಡುವೆ ಕೂತ ಮುದುಕಿ, ಗೆಳೆಯನ ಹೆಂಡತಿ, ಈಗ ಮನೆಗೆಲ್ಲ ಆಯಿ, ಮುತ್ಯಾನನ್ನು ನೋಡಿ ಮೊರ ಕೆಳಗಿಟ್ಟಳು. ಬಾ ಎನ್ನಲಿಲ್ಲ. ಸೊಸೆಯೊಬ್ಬಳು ಚಾಪೆ ಹಾಸಿದಳು. ನಲವತ್ತು ವರ್ಷದಲ್ಲಿ ಮುತ್ಯಾ ಆ ಹೊಸ್ತಿಲಿಗೆ ಬಂದದ್ದು ಅದೇ ಮೊದಲೆಂದು ಆಮೇಲೆ ತಿಳಿಯಿತು.

ನಾನೇ ಆಯಿಯ ಮುಂದೆ ಕೂತು ಹೇಳಿದೆ. ಒಮ್ಮೆಲೇ ಬಿಟ್ಟರೆ ಏನಾಗುತ್ತದೆ, ಇರುವೆ ಯಾಕೆ ಕಾಣುತ್ತವೆ, ಇಲ್ಲದ ಎತ್ತನ್ನು ಯಾಕೆ ಕರೆಯುತ್ತಾರೆ. ನಿಮ್ಮ ಯಜಮಾನರು ಕುಡಿದು ಹೋದವರಲ್ಲ, ಆಡಿದ ಮಾತು ಉಳಿಸಿಕೊಂಡದ್ದಕ್ಕೆ ಹೋದವರು ಎಂದೆ. ಸೈಕಲ್ಲಿನ ಹತ್ತಿರ ಇದ್ದವನ ಕೈ ನಿಂತಿತು.

ಆಯಿ ನನ್ನ ಮಾತು ಪೂರ್ತಿ ಕೇಳಿಸಿಕೊಂಡು ಮುತ್ಯಾನ ಕಡೆ ತಿರುಗಿದಳು.

"ನಾ ಅವತ್ತೇ ಹೇಳಿದ್ನಲ್ಲ ಅಣ್ಣಾ. ಮೂರು ದಿನ ಬಾಗಲದಾಗ ನಾನೇ ಕುಂತಿದ್ನಿ. ನೀರು ಬಿಟ್ರ ಏನೂ ಮುಟ್ಟಿಲ್ಲ ಅಂತ ಕೂಗಿ ಕೂಗಿ ಹೇಳಿದ್ನಿ. ನೀವ್ ಯಾರೂ ಕೇಳ್ಲಿಲ್ಲ."

"ಕೇಳ್ಲಿಲ್ಲವಾ" ಎಂದರು ಮುತ್ಯಾ. "ತಪ್ಪಾತು." ಗಂಟು ಬಿಚ್ಚಿದರು. ಅದರಲ್ಲಿ ಬಣ್ಣ ಹೋಗಿ ಕಪ್ಪಾದ ತುಳಸಿ ಮಾಲೆ. "ಸುಡಲಿಲ್ಲ, ನದಿಗಿ ಬಿಡಲಿಲ್ಲ. ವೀಣಿ ಪೆಟ್ಟಿಗ್ಯಾಗ ಇಟ್ಕೊಂಡು ತಿರುಗೀನಿ. ಯಾಕ ಇಟ್ಕೊಂಡ್ನೋ ನನಗೇ ಗೊತ್ತಿದ್ದಿಲ್ಲ."

ಆಯಿ ಕೈಗೆ ಮೆತ್ತಿದ ಬೇಳೆಯ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. ಆದರೆ ಮಾಲೆಗೆ ಕೈ ಹಚ್ಚಲಿಲ್ಲ. ನನ್ನ ಕಡೆ ನೋಡಿದಳು.

"ಆ ಗೌಂಡಿ ಈಗ ನಿದ್ದಿ ಮಾಡ್ತಾನೇನ ತಂಗಿ?"

"ಮಾಡ್ತಾರ ಆಯಿ. ಬೆಳತನಕ ಮಾಡ್ತಾರ."

"ಛಲೋ ಆತು. ಇವ್ರು ಮೂರು ದಿನ ಕಣ್ಣು ಮುಚ್ಚಿದ್ದಿಲ್ಲ."

ಆಮೇಲೆ ಅವಳು ಕಟ್ಟೆಯ ಕಡೆ ತಿರುಗಿ ಕೂಗಿದಳು. ಸೈಕಲ್ಲಿನ ಹತ್ತಿರ ನಿಂತವನು ಎಣ್ಣೆಯ ಕೈಯನ್ನು ಹಾಗೇ ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದ. ಕುಡುಕನ ಮಗ, ಮಾಲೆ ಮುರಿದವನ ಮಗ ಎಂದು ಅನ್ನಿಸಿಕೊಂಡೇ ಐವತ್ತು ಮುಟ್ಟಿದ ಅವಳ ಹಿರಿಯ ಮಗ.

"ಲೇ, ಕೈ ತೊಳ್ಕೊಂಡು ಬಾ ಇಲ್ಲಿ" ಎಂದಳು. "ನಿಮ್ಮಪ್ಪನ ಮಾಲಿ ಬಂದದ."